ಫೇಟಿಯಾ ನೋಡುವ ಮೊದಲು ಪಹಣಿ ನೋಡಿ

ಬೀದರ ಬಸ್ ನಿಲ್ದಾಣದಲ್ಲಿ ಔರಾದ ಬಸ್ಸಿಗೆ ಕಾದು ಕೂತ ಲಂಬಾಣಿ ಅಜ್ಜಿಯರು ಈಗಲೂ ಕಾಣುತ್ತಾರೆ. ಕನ್ನಡಿ, ಕವಡೆ ಹೊಲಿದ ಕೆಂಪು ಲಂಗ, ಅದಕ್ಕೆ ಫೇಟಿಯಾ ಎನ್ನುತ್ತಾರೆ. ಮೇಲೆ ಕಾಂಚಳಿ, ತಲೆಗೆ ಟುಕ್ರಿ. ಕೋಟೆ ನೋಡಲು ಬಂದವರು ಅಜ್ಜಿಯನ್ನು ಒಂದು ಮಾತೂ ಕೇಳದೆ ಫೋಟೋ ಹೊಡೆದುಕೊಂಡು ಹೋಗುತ್ತಾರೆ. "ಎಷ್ಟು ಚಂದ ಅಲ್ಲಾ, ಹಳೇದೆಲ್ಲ ಉಳಿಸ್ಕೊಂಡಾರ" ಎಂದು ಮಾತು ಬೇರೆ. ಉಳಿಸಿಕೊಳ್ಳಲು ಅವರಿಗೆ ಏನು ಖರ್ಚಾಗಿದೆ, ಇನ್ನೆಷ್ಟು ದಿನ ಉಳಿದೀತು ಎಂದು ಕೇಳುವವರು ಕಡಿಮೆ.

ನಾನು ಭಾಲ್ಕಿ ತಾಲೂಕಿನ ರೈತ. ಔರಾದ ಕಡೆಯ ಒಂದು ತಾಂಡಾದ ಮಂದಿಯ ಜೊತೆ ಬಹಳ ವರ್ಷದಿಂದ ತೊಗರಿ, ಉದ್ದು, ಸೋಯಾ ಕೆಲಸ ಮಾಡುತ್ತ ಬಂದವನು. ಆದರೂ ಹೊರಗಿನವನೇ. ಅವರ ಗೋರ್ ಬೋಲಿ ನನಗೆ ಅರ್ಧ ತಿಳಿಯುತ್ತದೆ, ಅರ್ಧ ತಿಳಿಯದು. ಹೊರಗಿನವನ ಕಣ್ಣಿಗೆ ಕಂಡದ್ದನ್ನಷ್ಟೇ ಬರೆಯುತ್ತೇನೆ.

ಕೂಡಿ ಕೂಡುವ ರೂಢಿ

ತಾಂಡಾಕ್ಕೆ ಒಬ್ಬ ನಾಯಕ್, ಅವನ ಕೈಕೆಳಗೆ ಕಾರಭಾರಿ, ಜೊತೆಗೆ ಹಿರಿಯರು. ಮದುವೆ ಇರಲಿ, ಜಗಳ ಇರಲಿ, ಹಬ್ಬ ಇರಲಿ, ಮೊದಲು ಕೂಡಿ ಕೂಡಬೇಕು. ಈ ಪಂಚಾಯಿತಿಗೆ ನಸಾಬ್ ಎಂದು ಹೆಸರು. ಶ್ರಾವಣದ ತೀಜ್ ಹಬ್ಬಕ್ಕೂ ಮದುವೆಯಾಗದ ಹುಡುಗಿಯರು ನಾಯಕನ ಅಪ್ಪಣೆ ಕೇಳಿಯೇ ಬುಟ್ಟಿಯಲ್ಲಿ ಮಣ್ಣು, ಗೊಬ್ಬರ ತುಂಬಿ ಗೋಧಿ ಹಾಕುತ್ತಾರೆ. ಒಂಬತ್ತು ದಿನ ನೀರು ಹಾಕಿ, ಹಾಡಿ, ಕುಣಿದು ಸಸಿ ಬೆಳೆಸುತ್ತಾರೆ. ಕೊನೆಯ ದಿನ ಆ ಸಸಿ ಹಿರಿಯರ ರುಮಾಲಿಗೆ ಸೇರುತ್ತದೆ, ಬುಟ್ಟಿ ನೀರಿಗೆ ಹೋಗುತ್ತದೆ. ನೋಡುವವರಿಗೆ ಅದು ಕುಣಿತ. ರೈತನಾದ ನನಗೆ ಅದರಲ್ಲಿ ಬೀಜದ ಪರೀಕ್ಷೆಯೂ ಕಾಣುತ್ತದೆ. ಮೊಳಕೆ ಎಷ್ಟು ಬಂತು ಎಂದು ಇಡೀ ತಾಂಡಾ ಕಣ್ಣಾರೆ ನೋಡುತ್ತದಲ್ಲ! ಸೋಯಾ ಬೀಜ ಹುಟ್ಟಲಿಲ್ಲ ಎಂದು ಬಿತ್ತಿದ ಮೇಲೆ ಅಳುವ ನಾವು, ನೂರು ಕಾಳು ಒದ್ದೆ ಗೋಣಿಯಲ್ಲಿ ಕಟ್ಟಿಟ್ಟು ಎಪ್ಪತ್ತಾದರೂ ಮೊಳೆತವೇ ಎಂದು ನೋಡುವುದನ್ನು ಮರೆಯುತ್ತೇವೆ.

ಎಲ್ಲವೂ ಚೆನ್ನ ಎಂದು ನಾನು ಹೇಳುತ್ತಿಲ್ಲ. ನಸಾಬಿನಲ್ಲಿ ಹೆಂಗಸರ ಮಾತಿಗೆ ಜಾಗ ಕಡಿಮೆ. ಹುಡುಗಿಯರ ಮದುವೆ ಬೇಗ ಮುಗಿಸುವ ಅವಸರ ನಮ್ಮ ಊರುಗಳಂತೆ ಅಲ್ಲಿಯೂ ಇದೆ. ಆದರೆ ಕೂಡಿ ಕೂತು ನಿರ್ಣಯ ಮಾಡುವ ರೂಢಿ ಇದೆಯಲ್ಲ, ಅದು ದೊಡ್ಡ ಆಸ್ತಿ.

ಆಮಿಷಕ್ಕೆ ಬಗ್ಗದ ಆಮಿಶರು

ಇದೇ ರೂಢಿಯ ಮೇಲೆ ಬದುಕು ಕಟ್ಟಿದ ಇನ್ನೊಂದು ಪಂಗಡ ಅಮೆರಿಕದಲ್ಲಿದೆ. ಅವರ ಹೆಸರು ಆಮಿಶ್. ನಮ್ಮ ಕನ್ನಡದ 'ಆಮಿಷ'ಕ್ಕೂ ಅವರಿಗೂ ಸಂಬಂಧವಿಲ್ಲ. ಆಮಿಷಕ್ಕೆ ಬಗ್ಗದಿರುವುದೇ ಅವರ ಗುಣ. 1693ರಲ್ಲಿ ಯುರೋಪಿನ ಸ್ವಿಟ್ಜರ್ಲೆಂಡ್ ಸೀಮೆಯಲ್ಲಿ ಬೇರೆಯಾದ ಕ್ರೈಸ್ತ ಪಂಗಡ ಅದು. ಧರ್ಮದ ಕಿರುಕುಳ ತಾಳದೆ ಮುಂದಿನ ಶತಮಾನದಲ್ಲಿ ಪೆನ್ಸಿಲ್ವೇನಿಯಾಕ್ಕೆ ಹೋಗಿ ನೆಲೆಸಿದರು. ಕುದುರೆ ಗಾಡಿ, ಸಾದಾ ಬಟ್ಟೆ, ಮನೆಯಲ್ಲಿ ತಮ್ಮದೇ ಜರ್ಮನ್ ಮಾತು. ಹೊರಗಿನ ತಂತಿಯಿಂದ ಮನೆಗೆ ಕರೆಂಟ್ ಎಳೆಯುವುದಿಲ್ಲ. ಒಬ್ಬನ ಕೊಟ್ಟಿಗೆ ಸುಟ್ಟುಹೋದರೆ ಊರೆಲ್ಲ ಸೇರಿ ಒಂದೆರಡು ದಿನದಲ್ಲಿ ಹೊಸದನ್ನು ನಿಲ್ಲಿಸುತ್ತಾರೆ.

ಅವರು ಯಂತ್ರದ ವೈರಿಗಳು ಎಂದು ಕೆಲವರು ತಿಳಿದಿದ್ದಾರೆ. ಹಾಗಲ್ಲ. ಇಪ್ಪತ್ತರಿಂದ ನಲವತ್ತು ಮನೆಗಳ ಒಂದೊಂದು ಸಭೆ. ಅದು ವರ್ಷಕ್ಕೆ ಎರಡು ಸಲ ತನ್ನ ಕಟ್ಟುಕಟ್ಟಳೆಯನ್ನು ನೆನಪಿಸಿಕೊಳ್ಳುತ್ತದೆ. ಯಾವ ಯಂತ್ರ ಒಳಗೆ ಬರಬೇಕು, ಯಾವುದು ಬೇಡ ಎಂಬುದೂ ಅದರಲ್ಲಿ ಸೇರಿದೆ. ಕೆಲವು ಕಡೆ ಟ್ರ್ಯಾಕ್ಟರನ್ನು ಕಣದಲ್ಲಿ ಪಟ್ಟಾ ಹಾಕಿ ಮಿಷನ್ ತಿರುಗಿಸಲು ಬಿಟ್ಟರು, ಹೊಲಕ್ಕೆ ಇಳಿಯಲು ಬಿಡಲಿಲ್ಲ. ಹೊಲಕ್ಕೆ ಇಳಿದರೆ ಒಬ್ಬನೇ ನೂರಾರು ಎಕರೆ ಹಿಡಿಯುತ್ತಾನೆ, ನೆರೆಯವನ ನೆರವು ಬೇಡವಾಗುತ್ತದೆ, ಇದು ಅವರ ಲೆಕ್ಕ. ಇಷ್ಟು ಬಿಗಿ ಇದ್ದರೂ ಅವರು ಕರಗಲಿಲ್ಲ. 1900ರ ಸುಮಾರಿಗೆ ಐದಾರು ಸಾವಿರ ಇದ್ದವರು 2024ಕ್ಕೆ ನಾಲ್ಕು ಲಕ್ಷ ಮುಟ್ಟಿದರು.

ಅಲ್ಲಿಯೂ ಕುಂದು ಇದೆ. ಮಕ್ಕಳ ಶಾಲೆ ಎಂಟನೆಯ ತರಗತಿಗೆ ಮುಗಿಯುತ್ತದೆ. 1972ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೂ ಅದಕ್ಕೆ ಒಪ್ಪಿತು. ದೀಕ್ಷೆ ಪಡೆದ ಮೇಲೆ ಕಟ್ಟಳೆ ಮುರಿದವನನ್ನು ದೂರ ಇಡುತ್ತಾರೆ. ಅದು ನಮಗೆ ಬೇಡ.

ಅಂತರ ಎಲ್ಲಿದೆ

ತಾಂಡಾಕ್ಕೂ ತನ್ನ ಮಾತಿದೆ, ಉಡುಗೆಯಿದೆ, ಕೂಡಿ ಕೂಡುವ ಪಂಚಾಯಿತಿಯಿದೆ. ಹಾಗಾದರೆ ಅಲ್ಲಿ ಬೆಳೆದದ್ದು ಇಲ್ಲಿ ಯಾಕೆ ಸವೆಯುತ್ತಿದೆ? ನನ್ನ ಉತ್ತರ ಒಂದೇ: ಭೂಮಿ. ಆಮಿಶರು ಹೋದ ಕಡೆ ಹೊಲ ಕೊಂಡರು, ಅದನ್ನು ಮಕ್ಕಳಿಗೆ ಉಳಿಸಲು ಹೆಣಗಿದರು. ಈಗ ಭೂಮಿಯ ಬೆಲೆ ಏರಿ ಅವರಲ್ಲೂ ಬಹಳ ಮಂದಿ ಬಡಿಗತನ, ಅಂಗಡಿ ಹಿಡಿದಿದ್ದಾರೆ. ಆದರೂ ಕಾಲ ಕೆಳಗಿನ ನೆಲ ಅವರದೇ.

ಲಂಬಾಣಿಗರ ಕಥೆ ಬೇರೆ. ಅವರು ಎತ್ತಿನ ಬೆನ್ನ ಮೇಲೆ ಉಪ್ಪು, ಕಾಳು ಹೇರಿ ದೇಶ ಸುತ್ತಿದವರು. ಮೊಗಲರ ಸೈನ್ಯಕ್ಕೂ, 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಇಂಗ್ಲಿಷರ ಸೈನ್ಯಕ್ಕೂ ಕಾಳು ಮುಟ್ಟಿಸಿದವರು ಇವರೇ. 1739ರಲ್ಲಿ ಹುಟ್ಟಿದರೆಂದು ನಂಬುವ ಸಂತ ಸೇವಾಲಾಲರನ್ನು ದನ ಕಾಯ್ದ ಗುರುವೆಂದೇ ಪೂಜಿಸುತ್ತಾರೆ. ರೈಲು ಬಂತು, ಎತ್ತಿನ ಹೇರು ನಿಂತಿತು. 1871ರ ಬ್ರಿಟಿಷ್ ಕಾಯ್ದೆ ಇಂಥ ಅಲೆಮಾರಿ ಪಂಗಡಗಳಿಗೆ ಹುಟ್ಟಾ ಅಪರಾಧಿಗಳೆಂಬ ಹಣೆಪಟ್ಟಿ ಹಚ್ಚಿತು. ಆ ಕಾಯ್ದೆ ಪೂರಾ ಹೋಗಲು 1952 ಬರಬೇಕಾಯಿತು. ನೆಲೆ ನಿಲ್ಲುವ ಹೊತ್ತಿಗೆ ಒಳ್ಳೆಯ ಎರೆ ಹೊಲವೆಲ್ಲ ನಮ್ಮಂಥವರ ಹೆಸರಿಗೆ ಆಗಿತ್ತು. ಅವರಿಗೆ ಉಳಿದದ್ದು ಗುಡ್ಡದ ಮಗ್ಗುಲು, ಕಲ್ಲು ಮರಡಿ, ಗಾಯರಾಣ. ಗಾಯರಾಣವೆಂದರೆ ದಕ್ಷಿಣದವರು ಗೋಮಾಳ ಎನ್ನುವ ಜಮೀನು.

2023ರ ಜನವರಿ 19ರಂದು ಮಳಖೇಡದಲ್ಲಿ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟರು. ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ ಜಿಲ್ಲೆಗಳ ಸುಮಾರು 1,475 ದಾಖಲೆಯಿಲ್ಲದ ವಸತಿಗಳು ಕಂದಾಯ ಗ್ರಾಮಗಳಾದವು. ದೊಡ್ಡ ಕೆಲಸ, ಸಂತೋಷದ ಕೆಲಸ. ಆದರೆ ಆ ಪತ್ರ ಮನೆಯ ಜಾಗಕ್ಕೆ. ಉಳುವ ಹೊಲದ ಪಹಣಿ ಬೇರೆ ಮಾತು. ಪಹಣಿ ಇಲ್ಲದಿದ್ದರೆ ಸೊಸೈಟಿ ಸಾಲ ಇಲ್ಲ, ಬೆಳೆ ವಿಮೆ ಇಲ್ಲ, ಬರ ಬಿದ್ದರೆ ಪರಿಹಾರವೂ ಇಲ್ಲ.

ಹಾಗಾಗಿ ಗುಳೆ. ದಸರೆ ದಾಟಿದ ಮೇಲೆ ಟೋಳಿ ಕಟ್ಟಿಕೊಂಡು ಮಹಾರಾಷ್ಟ್ರದ ಕಬ್ಬು ಕಡಿಯಲು ಹೊರಡುತ್ತಾರೆ. ಇನ್ನು ಕೆಲವರು ಹೈದರಾಬಾದು, ಪುಣೆಯ ಕಟ್ಟಡದ ಕೆಲಸಕ್ಕೆ. ದೀಪಾವಳಿ ಅಮಾವಾಸ್ಯೆಯ ರಾತ್ರಿ ಹುಡುಗಿಯರು ದೀಪ ಹಿಡಿದು ಮನೆಮನೆಗೆ ಹೋಗಿ ಹಿರಿಯರಿಗೆ ಹರಕೆ ಹಾಡುವ 'ಮೇರಾ' ಎಂಬ ಪದ್ಧತಿ ಇದೆ. ಅರ್ಧ ಮನೆಗೆ ಕೀಲಿ ಬಿದ್ದಿದ್ದರೆ ದೀಪ ಯಾರಿಗೆ ತೋರಿಸಬೇಕು? ನಾಯಕ್ ಕಾಕಾ ಒಮ್ಮೆ ಹೇಳಿದ್ದು: "ಪಾಟೀಲ್ರ, ನಮ್ಮ ಮಂದಿ ಹಬ್ಬ ಮರ್ತಿಲ್ರಿ. ಹಬ್ಬಕ್ಕ ಊರಾಗ ಇರ್ಲಾಕ ಆಗಲ್ದು." ತಾಂಡಾದ ಪದ್ಧತಿಯನ್ನು ಟಿ.ವಿ., ಮೊಬೈಲು ಕೆಡಿಸಿದವು ಎನ್ನುವವರು ಈ ಮಾತು ಕೇಳಬೇಕು.

ನಮ್ಮ ಊರಿನ ಪಾಳಿ

ಇನ್ನು ನಮ್ಮದು. ನಮಗೆ ಪಹಣಿ ಇದೆ, ಕೂಡಿ ಕೂಡುವ ರೂಢಿ ಹೋಗಿದೆ. ಪಕ್ಕದವ ಟ್ರ್ಯಾಕ್ಟರ್ ತಂದ ಅಂತ ಇವನೂ ತಂದ. ಹೊಲ ನಾಲ್ಕು ಎಕರೆ, ಕಂತು ಹತ್ತು ಎಕರೆಯದು. ಒಬ್ಬ ಬೋರು ಕೊರೆದ ಅಂತ ಮಗ್ಗುಲಿನವ ಇನ್ನೂ ಆಳಕ್ಕೆ ಕೊರೆದ. ಭಾಲ್ಕಿ, ಔರಾದ ಎಂದರೆ ದೇವಣಿ ದನದ ತವರು. ಆ ಎತ್ತು ಈಗ ಎಷ್ಟು ಕೊಟ್ಟಿಗೆಯಲ್ಲಿವೆ? ಮಿಷನ್ ಬೇಡ ಅನ್ನುವುದಿಲ್ಲ. ಮಳೆ ಮೋಡ ನಿಂತಾಗ ಸೋಯಾ ರಾಶಿಗೆ ಮಿಷನ್ ಬೇಕೇ ಬೇಕು. ಆದರೆ ಊರಿಗೆ ಎಷ್ಟು ಬೇಕು, ಯಾರ ಹತ್ತಿರ ಇರಬೇಕು, ಬಾಡಿಗೆ ಎಷ್ಟು ಎಂದು ಮೊದಲೇ ಕೂತು ಮಾತಾಡಿದ್ದರೆ ಎಷ್ಟೋ ಮನೆಯ ಸಾಲ ತಪ್ಪುತ್ತಿತ್ತು.

ಅದಕ್ಕೆ ನನ್ನ ಸೂಚನೆ ಇಷ್ಟು. ಒಂದು, ಯುಗಾದಿಗೆ ಪಂಚಾಂಗ ಕೇಳಲು ಗುಡಿಯಲ್ಲಿ ಕೂಡುತ್ತೇವಲ್ಲ, ಅದೇ ಕೂಟದಲ್ಲಿ ಆ ವರ್ಷದ ಬೀಜ, ಮಿಷನ್, ಬೋರಿನ ಮಾತೂ ಆಗಲಿ. ತಾಂಡಾದವರನ್ನೂ ಕರೆಯಲಿ, ಹೆಂಗಸರನ್ನೂ ಕರೆಯಲಿ. ಎರಡು, ತಾಂಡಾದವರು ಉಳುತ್ತ ಬಂದ ಜಮೀನಿನ ಅರ್ಜಿಗೆ ನೆರೆಹೊಲದವರಾದ ನಾವು ಸಾಕ್ಷಿ ನಿಲ್ಲೋಣ. ನಮ್ಮದೇ ಊರಿನವ ತಕರಾರು ಹಾಕಿ ಕೆಲಸ ನಿಲ್ಲಿಸುವುದೂ ಉಂಟು. ಮೂರು, ಬದು, ಕೃಷಿ ಹೊಂಡದ ಕೆಲಸವನ್ನು ಟೋಳಿ ಹೊರಡುವ ಮೊದಲೇ ಶುರು ಮಾಡುವಂತೆ ಗ್ರಾಮಸಭೆಯಲ್ಲಿ ಕೇಳೋಣ. ಬೇಸಿಗೆಯಲ್ಲಿ ಶುರು ಮಾಡಿದರೆ ಆಳು ಎಲ್ಲಿರುತ್ತಾರೆ? ನಾಲ್ಕು, ತೊಗರಿ ಕೊಯ್ಲಿಗೆ ಆಳು ಸಿಗುವುದಿಲ್ಲ ಎಂದು ಗೊಣಗುವ ಬದಲು ಕೂಲಿಯನ್ನು ಮೊದಲೇ ಮಾತಾಡಿ, ಮುಯ್ಯಾಳು ಪದ್ಧತಿಯನ್ನು ತಾಂಡಾದ ಸಣ್ಣ ರೈತರ ಜೊತೆಗೂ ಮಾಡೋಣ. ಅವರ ಹೊಲಕ್ಕೆ ನಾವೂ ಹೋಗಬೇಕು, ಒಂದೇ ಕಡೆಯಿಂದ ಬಂದರೆ ಅದು ಮುಯ್ಯಿ ಅಲ್ಲ.

ಇದರಲ್ಲಿ ಉಪಕಾರದ ಮಾತಿಲ್ಲ. ತಾಂಡಾ ಖಾಲಿಯಾದರೆ ನಮ್ಮ ತೊಗರಿ ಹೊಲದಲ್ಲೇ ಸಿಡಿಯುತ್ತದೆ. ಅವರಿಗೆ ಹೊಲ ಸಿಕ್ಕರೆ ಹಬ್ಬವನ್ನು ಅವರೇ ಉಳಿಸಿಕೊಳ್ಳುತ್ತಾರೆ. ಯಾವ ಪದ್ಧತಿ ಇರಬೇಕು, ಯಾವುದು ಹೋಗಬೇಕು ಎಂಬುದನ್ನೂ ಅವರ ಮಕ್ಕಳೇ ಕೂತು ನಿರ್ಣಯಿಸಲಿ. ಹಾಗೆ ಕೂಡುವುದನ್ನು ನಾವು ಅವರಿಂದ ಮತ್ತೆ ಕಲಿಯಬೇಕಾಗಿದೆ.