ಧಣಿಯ ಭಕ್ತಿ, ರೈತನ ಲೆಕ್ಕ

ತುಮಕೂರು ತಾಲ್ಲೂಕಿನ ಕೋರದ ರೈತ ರಾಗಿ ಬಿತ್ತನೆಗೆ ಕೊಳ್ಳುವ ಡಿಎಪಿ ಗೊಬ್ಬರದ ಮೂಲ ಫಾಸ್ಫೇಟ್ ಶಿಲೆ. ಅದರ ಬಹುಪಾಲನ್ನು ಭಾರತ ಹೊರದೇಶಗಳಿಂದ ತರಿಸಿಕೊಳ್ಳುತ್ತದೆ. ಆದ್ದರಿಂದಲೇ ಆಸ್ಟ್ರೇಲಿಯಾದ ಗಣಿ ಉದ್ಯಮಿ ಜೋಸೆಫ್ ಗಟ್ನಿಕ್ ಅವರ ಏಳುಬೀಳು ನಮಗೆ ಸಂಬಂಧಿಸದ ಸಂಗತಿಯೆಂದು ನಾನು ಭಾವಿಸುವುದಿಲ್ಲ.

1952ರಲ್ಲಿ ಜನಿಸಿದ ಗಟ್ನಿಕ್ ಸಂಪ್ರದಾಯನಿಷ್ಠ ಯಹೂದಿ. ಧರ್ಮಗುರುವಾಗಿ ದೀಕ್ಷೆ ಪಡೆದವರು. 1996ರಿಂದ 2001ರವರೆಗೆ ಮೆಲ್ಬರ್ನ್ ಫುಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷರಾಗಿದ್ದಾಗಲೂ ಶನಿವಾರದ ಸಬ್ಬತ್ ಆಚರಣೆಯನ್ನು ಬಿಡಲಿಲ್ಲ. ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಚಿನ್ನ, ವಜ್ರ ದೊರೆಯುವುದೆಂದು ನ್ಯೂಯಾರ್ಕಿನ ಲುಬಾವಿಚ್ ಪಂಥದ ಗುರು ಷ್ನೀರ್ಸನ್ ಹರಸಿದ್ದರೆಂಬುದು ಅವರ ನಂಬಿಕೆ. 1990ರ ದಶಕದಲ್ಲಿ ಬ್ರಾಂಜ್‌ವಿಂಗ್‌ನಲ್ಲಿ ಚಿನ್ನವೇನೋ ಸಿಕ್ಕಿತು. ಗಳಿಕೆಯ ಒಂದು ಪಾಲು ಧರ್ಮಕಾರ್ಯಗಳಿಗೂ ಸಂದಿತು.

2008ರಲ್ಲಿ ಅವರ ಲೆಜೆಂಡ್ ಇಂಟರ್‌ನ್ಯಾಷನಲ್ ಕಂಪನಿಯಲ್ಲಿ ನಮ್ಮ ರೈತರ ಸಹಕಾರ ಸಂಸ್ಥೆ ಇಫ್ಕೋ ಬಂಡವಾಳ ಹೂಡಿತು. ಕ್ವೀನ್ಸ್‌ಲ್ಯಾಂಡ್‌ನ ಫಾಸ್ಫೇಟ್ ಭಾರತಕ್ಕೆ ಬರಲಿದೆಯೆಂಬ ನಿರೀಕ್ಷೆ ವ್ಯಾಜ್ಯದಲ್ಲಿ ಕೊನೆಗೊಂಡಿತು. 2015ರಲ್ಲಿ ಸಿಂಗಪುರದ ಮಧ್ಯಸ್ಥಿಕೆ ಮಂಡಳಿ ಇಫ್ಕೋ ಪರ ತೀರ್ಪಿತ್ತಿತು. ಅದರ ಜಾರಿಗೆ ವಿಕ್ಟೋರಿಯಾದ ನ್ಯಾಯಾಲಯವೂ ಸಮ್ಮತಿಸಿತು. 2016ರಲ್ಲಿ ಗಟ್ನಿಕ್ ದಿವಾಳಿಯಾದರು.

ಇದನ್ನು ಅವರ ಧರ್ಮದ ಸೋಲೆಂದು ಬಗೆಯುವುದು ಅನ್ಯಾಯ. ಗಣಿಗಾರಿಕೆಯೆಂದರೆ ಕಣ್ಣಿಗೆ ಕಾಣದ್ದನ್ನು ನಂಬಿ ಹಣ ಸುರಿಯುವ ಉದ್ಯಮ. ಆದರೆ ಧಣಿಯ ನಂಬಿಕೆ ಹೂಡಿಕೆದಾರನಿಗೆ ಖಾತರಿಪತ್ರವಾಗದು. ಕರ್ನಾಟಕಕ್ಕೂ ಈ ಪಾಠ ಹೊಸದಲ್ಲ. ಬಳ್ಳಾರಿಯ ಗಣಿ ಉದ್ಯಮಿ ಜನಾರ್ದನ ರೆಡ್ಡಿ 2009ರಲ್ಲಿ ತಿರುಮಲದ ದೇವರಿಗೆ ವಜ್ರಖಚಿತ ಕಿರೀಟ ಅರ್ಪಿಸಿದರು. ಎರಡೇ ವರ್ಷಗಳಲ್ಲಿ, 2011ರಲ್ಲಿ, ಬಳ್ಳಾರಿಯಷ್ಟೇ ಅಲ್ಲ, ಚಿತ್ರದುರ್ಗ ಹಾಗೂ ತುಮಕೂರು ಜಿಲ್ಲೆಗಳ ಕಬ್ಬಿಣದ ಅದಿರು ಗಣಿಗಾರಿಕೆಯನ್ನೂ ಸುಪ್ರೀಂ ಕೋರ್ಟ್ ನಿಲ್ಲಿಸಬೇಕಾಯಿತು. ದೇವರಿಗೆ ಕಾಣಿಕೆ ಸಲ್ಲಿಸಿದ ಮಾತ್ರಕ್ಕೆ ನೆಲದ ಬಾಕಿ ಚುಕ್ತಾ ಆಗುವುದೇ?

ಗೊಬ್ಬರದ ಆಮದು ಅನಿವಾರ್ಯವಾಗಿರುವವರೆಗೆ ಹೊರದೇಶದ ಗಣಿಗಳತ್ತ ನಮ್ಮ ಸಂಸ್ಥೆಗಳು ನೋಡಲೇಬೇಕು. ಅದು ತಪ್ಪಲ್ಲ. ಆದರೆ ಇಫ್ಕೋದ ಹಣ ಅಂತಿಮವಾಗಿ ಊರೂರ ಸಹಕಾರ ಸಂಘಗಳ ಸದಸ್ಯರದು. ಅದನ್ನು ತೊಡಗಿಸುವ ಮುನ್ನ ಅದಿರಿನ ಪ್ರಮಾಣ, ಗುಣಮಟ್ಟ, ಸಾಗಣೆಯ ವೆಚ್ಚ, ಕರಾರಿನ ಷರತ್ತುಗಳನ್ನು ಸ್ವತಂತ್ರ ಪರಿಣತರಿಂದ ಪರಿಶೀಲಿಸಿ, ಆ ವರದಿಯನ್ನು ಸದಸ್ಯರ ಮುಂದಿಡಬೇಕು. ಧಣಿ ತನ್ನ ದೇವರಿಗೆ ಒಪ್ಪಿಸುವ ಲೆಕ್ಕ ಅವನ ಸ್ವಂತದ್ದು. ಕೋರದ ರೈತನಿಗೆ ಒಪ್ಪಿಸಬೇಕಾದ ಲೆಕ್ಕ ಮಾತ್ರ ಸಾರ್ವಜನಿಕವಾದುದು.