ಸೊಂಟದ ಕೀಲು ಬದಲಿಸಿದರೆ ಒಂದು ಕಾಲು ಉದ್ದವಾಗುತ್ತದೆಯೇ?

‘ಸೊಂಟದ ಆಪರೇಷನ್ ಮಾಡಿಸಿದರೆ ಒಂದು ಕಾಲು ಉದ್ದವಾಗುತ್ತದೆ, ಆಮೇಲೆ ಜೀವನಪೂರ್ತಿ ಕುಂಟಬೇಕು.’ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ವಾಕಿಂಗ್‌ನಿಂದ ಹಿಡಿದು ಮನೆಯವರ ವಾಟ್ಸಾಪ್ ಗುಂಪಿನವರೆಗೆ ಇಂಥ ಮಾತು ಎಲ್ಲಿ ಬೇಕಾದರೂ ಕಿವಿಗೆ ಬೀಳಬಹುದು. ಇದಕ್ಕೆ ಹೆದರಿ ನೋವು ನುಂಗಿಕೊಂಡು ಕೂರುವವರೂ ಇದ್ದಾರೆ. ಹಾಗಾದರೆ ಇದರಲ್ಲಿ ನಿಜವೆಷ್ಟು?

ಉದ್ದ ಏಕೆ ಬದಲಾಗುತ್ತದೆ?

ಸವೆದ ತೊಡೆಮೂಳೆಯ ತಲೆಯನ್ನು ತೆಗೆದು ಲೋಹದ ಕಡ್ಡಿ ಮತ್ತು ಗುಂಡನ್ನು, ಸೊಂಟದ ಮೂಳೆಯಲ್ಲಿ ಬಟ್ಟಲನ್ನು ಕೂರಿಸುತ್ತಾರೆ. 1962ರಲ್ಲಿ ಇಂಗ್ಲೆಂಡಿನ ಜಾನ್ ಚಾರ್ನ್ಲಿ ಯಶಸ್ವಿಗೊಳಿಸಿದ ವಿಧಾನವೇ ಇಂದಿನದಕ್ಕೆ ಬುನಾದಿ. ಮೂಳೆ ಕತ್ತರಿಸಿದ ಮಟ್ಟ, ಕಡ್ಡಿ ಇಳಿದ ಆಳ, ಗುಂಡಿನ ಅಳತೆ, ಇವೆಲ್ಲ ಸೇರಿ ಕಾಲಿನ ಉದ್ದವನ್ನು ನಿರ್ಧರಿಸುತ್ತವೆ. ಸ್ನಾಯುಗಳು ಸಡಿಲವಾಗಿದ್ದರೆ ಗುಂಡು ಬಟ್ಟಲಿನಿಂದ ಜಾರಬಹುದು. ಅದನ್ನು ತಪ್ಪಿಸಲು ವೈದ್ಯರು ಕೆಲವೊಮ್ಮೆ ಕೆಲವು ಮಿಲಿಮೀಟರ್ ಹೆಚ್ಚು ಉದ್ದ ಉಳಿಸಬೇಕಾಗುತ್ತದೆ. ಆದ್ದರಿಂದ ವ್ಯತ್ಯಾಸ ಕಂಡ ಮಾತ್ರಕ್ಕೆ ಆಪರೇಷನ್ ಕೆಟ್ಟಿದೆ ಎನ್ನಲಾಗದು.

ಉದ್ದ ಅನಿಸುವುದೇ ಬೇರೆ, ಉದ್ದ ಇರುವುದೇ ಬೇರೆ

ಕೀಲು ಸವೆಯುತ್ತಾ ಹೋದಂತೆ ಆ ಕಾಲು ನಿಧಾನವಾಗಿ ಗಿಡ್ಡವಾಗಿರುತ್ತದೆ, ದೇಹ ಅದಕ್ಕೇ ಒಗ್ಗಿಕೊಂಡಿರುತ್ತದೆ. ಆಪರೇಷನ್ ಆದ ಮೇಲೆ ಮೊದಲಿನ ಉದ್ದ ಮರಳಿದರೂ ‘ಉದ್ದವಾಯಿತು’ ಅನಿಸುತ್ತದೆ. ಸ್ನಾಯುಗಳು ಬಿಗಿದು ಸೊಂಟ ಓರೆಯಾಗಿದ್ದರೂ ಹೀಗೇ ಆಗುತ್ತದೆ. ಹೆಚ್ಚಿನವರಲ್ಲಿ ವ್ಯಾಯಾಮ ಮಾಡಿದಂತೆ ಕೆಲವು ತಿಂಗಳಲ್ಲಿ ಇದು ಸರಿಹೋಗುತ್ತದೆ. ಬೆನ್ನು ಬಿಗಿದಿರುವವರಿಗೆ ಹೆಚ್ಚು ಸಮಯ ಬೇಕು.

ಮಲಗಿಸಿ ಹಿಮ್ಮಡಿ ಜೋಡಿಸಿ ನೋಡಿದರೆ ಸರಿಯಾದ ಅಳತೆ ಸಿಗದು. ನಿಲ್ಲಿಸಿ, ಗಿಡ್ಡ ಕಾಲಿನ ಕೆಳಗೆ ಮರದ ಹಲಗೆ ಇಟ್ಟು, ಎಕ್ಸ್‌ರೇ ತೆಗೆದು ವೈದ್ಯರು ಅಳೆಯುತ್ತಾರೆ. ಸುಮಾರು 1 ಸೆಂ.ಮೀ. ಒಳಗಿನ ವ್ಯತ್ಯಾಸ ಹೆಚ್ಚಿನವರ ಗಮನಕ್ಕೇ ಬರುವುದಿಲ್ಲ. 2 ಸೆಂ.ಮೀ. ದಾಟಿದರೆ ಕುಂಟು, ಬೆನ್ನುನೋವು, ಬೇಗ ಆಯಾಸ ಕಾಣಿಸಬಹುದು. ಕಾಲು ತೀರಾ ಉದ್ದವಾದರೆ ಸಯಾಟಿಕ್ ನರ ಎಳೆದಂತಾಗಿ ಪಾದ ಜೋಲು ಬೀಳುವ ಅಪಾಯವೂ ಇದೆ.

ಏನು ಮಾಡಬೇಕು?

ಕುಂಟಿಗೆ ಉದ್ದವೇ ಕಾರಣವಾಗಿರಬೇಕಿಲ್ಲ. ಪೃಷ್ಠದ ಸ್ನಾಯು ದುರ್ಬಲವಾಗಿದ್ದರೂ ನಡಿಗೆ ವಾಲುತ್ತದೆ. ಆದ್ದರಿಂದ ಮೊದಲ ಔಷಧಿ ಫಿಸಿಯೋಥೆರಪಿ. ಶುರುವಿನ ವಾರಗಳಲ್ಲೇ ಚಪ್ಪಲಿಗೆ ಎತ್ತರದ ಅಟ್ಟೆ ಹಾಕಿಸಿದರೆ ಓರೆಯಾದ ಸೊಂಟ ಹಾಗೇ ಉಳಿಯಬಹುದು. ಆರೇಳು ತಿಂಗಳಾದರೂ ವ್ಯತ್ಯಾಸ ಕಾಡಿದರೆ ವೈದ್ಯರು ಹೇಳಿದ ಅಳತೆಯ ಅಟ್ಟೆ ಹಾಕಿಸಬಹುದು. ಮರು ಆಪರೇಷನ್ ಬೇಕಾಗುವುದು ಅಪರೂಪ.

ಕಾಲು ಎಳೆದು, ತಿರುಚಿ ‘ಸಮ ಮಾಡುತ್ತೇವೆ’ ಎನ್ನುವವರ ಬಳಿ ಮಾತ್ರ ಹೋಗಬೇಡಿ. ಹೊಸ ಕೀಲು ಜಾರಬಹುದು. ಇದ್ದಕ್ಕಿದ್ದಂತೆ ತೀವ್ರ ನೋವು ಬಂದು ಕಾಲು ಗಿಡ್ಡವಾದರೆ, ತಿರುಗಿಕೊಂಡರೆ ಅಥವಾ ಊರಲಾಗದಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಮೈಸೂರಿನವರಿಗೆ ದೊಡ್ಡಾಸ್ಪತ್ರೆಯ, ಅಂದರೆ ಕೆ.ಆರ್. ಆಸ್ಪತ್ರೆಯ ಮೂಳೆ ವಿಭಾಗವೂ ಇದೆ.

ಆಪರೇಷನ್‌ಗೆ ಮುಂಚೆಯೇ ವೈದ್ಯರನ್ನು ಕೇಳಿ: ಈಗ ನನ್ನ ಕಾಲುಗಳಲ್ಲಿ ಎಷ್ಟು ವ್ಯತ್ಯಾಸವಿದೆ? ಆಮೇಲೆ ಎಷ್ಟಿರಬಹುದು? ಉತ್ತರ ಬರೆದಿಟ್ಟುಕೊಳ್ಳಿ.

ಒಟ್ಟಿನಲ್ಲಿ, ಕಾಲಿನ ಉದ್ದದಲ್ಲಿ ವ್ಯತ್ಯಾಸ ಬರಬಹುದು ಎಂಬುದು ನಿಜ. ಎಲ್ಲರೂ ಜೀವನಪೂರ್ತಿ ಕುಂಟಬೇಕು ಎಂಬುದು ಸುಳ್ಳು. ಮುಂದಿನ ಸಲ ಆ ಸಂದೇಶ ಬಂದರೆ ಫಾರ್ವರ್ಡ್ ಮಾಡುವ ಬದಲು ಇದನ್ನು ಕಳಿಸಿ.