ಮನೆ ಕೊಳ್ಳುವವರು ದಾಖಲೆ ನೋಡುತ್ತಾರೆ, ಮನೆಯನ್ನು ನೋಡುತ್ತಾರೆಯೇ?

ನಮ್ಮ ಕರಾವಳಿಯಲ್ಲಿ ಹೊಸ ಫ್ಲ್ಯಾಟಿನ ಪ್ರವೇಶ ಹೆಚ್ಚಾಗಿ ಬೇಸಿಗೆಯಲ್ಲಿ, ಗಲ್ಫ್‌ನಿಂದ ರಜೆಯಲ್ಲಿ ಬಂದವರ ಅನುಕೂಲ ನೋಡಿ ನಡೆಯುತ್ತದೆ. ಮನೆಯ ಆಶೀರ್ವಾದಕ್ಕೆ ಹೋದಾಗ ನಮಗೆ ಕಾಣುವುದು ಒಣಗಿದ ಗೋಡೆ, ಹೊಸ ಬಣ್ಣ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಸ್ಲ್ಯಾಬಿನಲ್ಲಿ ನೀರು ಜಿನುಗುತ್ತದೆ, ಗೋಡೆ ಬೂಸ್ಟು ಹಿಡಿಯುತ್ತದೆ. ಬಿಲ್ಡರಿಗೆ ಫೋನ್ ಮಾಡಿದರೆ ‘ನೋಡುವ, ಮಳೆ ಬಿಡಲಿ’ ಎಂಬ ಉತ್ತರ. ಅಷ್ಟರಲ್ಲಿ ದುಡಿಯುವವರು ಮರಳಿ ವಿದೇಶ ಸೇರಿರುತ್ತಾರೆ. ಸೋರುವ ಮನೆಯಲ್ಲಿ ಉಳಿಯುವವರು ವೃದ್ಧ ತಂದೆತಾಯಿ.

ಇಂಥವರಿಗೆ ಕಾನೂನಿನ ಆಸರೆ ಇದೆ ಎಂಬುದು ಅನೇಕರಿಗೆ ತಿಳಿದಿಲ್ಲ. ‘ರೇರಾ’ ಎಂದು ಕರೆಯಲ್ಪಡುವ 2016ರ ರಿಯಲ್ ಎಸ್ಟೇಟ್ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ಮನೆಯ ಸ್ವಾಧೀನ ಕೊಟ್ಟ ದಿನದಿಂದ 5 ವರ್ಷಗಳೊಳಗೆ ಕಟ್ಟಡದ ರಚನೆಯಲ್ಲಾಗಲಿ, ಕೆಲಸದ ಗುಣಮಟ್ಟದಲ್ಲಾಗಲಿ ದೋಷ ಕಂಡುಬಂದು ತಿಳಿಸಿದರೆ, ಬಿಲ್ಡರ್ 30 ದಿನಗಳಲ್ಲಿ ಖರ್ಚಿಲ್ಲದೆ ಸರಿಪಡಿಸಿಕೊಡಬೇಕು. ತಪ್ಪಿದರೆ ಪರಿಹಾರ ಕೇಳುವ ಹಕ್ಕು ಕೊಂಡವರಿಗಿದೆ. ಅವರಿಂದ ಮುಂದೆ ಖರೀದಿಸಿದವರೂ ಕಾಯ್ದೆಯ ವ್ಯಾಪ್ತಿಗೆ ಬರುತ್ತಾರೆ. ಆದರೆ ಫೋನಿನಲ್ಲಿ ಹೇಳಿದ್ದಕ್ಕೆ ಸಾಕ್ಷಿ ಎಲ್ಲಿದೆ? ಸ್ವಾಧೀನ ಪತ್ರವನ್ನು ಜೋಪಾನವಾಗಿಡಬೇಕು. ದೂರನ್ನು ಲಿಖಿತವಾಗಿ, ಫೋಟೋ ಸಹಿತ ಕೊಡಬೇಕು. ಬಿಲ್ಡರ್ ಕಿವಿಗೊಡದಿದ್ದರೆ ಕರ್ನಾಟಕ ರೇರಾ ಪ್ರಾಧಿಕಾರಕ್ಕೆ ಅಂತರ್ಜಾಲದ ಮೂಲಕವೇ ದೂರು ಸಲ್ಲಿಸಬಹುದು.

ಈ ಆಸರೆಗೂ ಮಿತಿಯಿದೆ. ಯೋಜನೆಯ ಜಾಗ 500 ಚದರ ಮೀಟರ್ ಮೀರದಿದ್ದರೆ ಅಥವಾ ಫ್ಲ್ಯಾಟುಗಳು 8ಕ್ಕಿಂತ ಹೆಚ್ಚಿಲ್ಲದಿದ್ದರೆ ರೇರಾ ನೋಂದಣಿ ಕಡ್ಡಾಯವಲ್ಲ. ಹಳೆಯ ಮನೆಗಳಿಗಂತೂ ಇಂಥ ಖಾತರಿಯೇ ಇಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ, ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣಿಸದ ಮುಖ್ಯ ದೋಷ ತನಗೆ ತಿಳಿದಿದ್ದರೆ ಮಾರುವವನು ಅದನ್ನು ಹೇಳಲೇಬೇಕು. ಅಂದರೆ, ಕಣ್ಣಿಗೆ ಕಾಣುವಂತಿದ್ದ ದೋಷವನ್ನು ನೋಡದೆ ಕೊಂಡರೆ ಹೊಣೆ ಕೊಂಡವರದೇ.

ಅಮೆರಿಕದಲ್ಲಿರುವ ನಮ್ಮವರನ್ನು ಕೇಳಿ ನೋಡಿ. ಅಲ್ಲಿ ಖರೀದಿಗೆ ಮೊದಲು ಪರೀಕ್ಷಕರಿಂದ ಮನೆಯ ತಪಾಸಣೆ ಮಾಡಿಸುವುದು ರೂಢಿ. ನಾವಾದರೋ ದಾಖಲೆಗಳನ್ನು ವಕೀಲರಿಗೆ ತೋರಿಸುತ್ತೇವೆ, ಮನೆಯನ್ನು ಇಂಜಿನಿಯರಿಗೆ ತೋರಿಸುವುದಿಲ್ಲ. ಲಕ್ಷಗಟ್ಟಲೆ ಸಾಲದ ಮುಂದೆ ಅವರ ಶುಲ್ಕ ಎಷ್ಟರದು? ಕಡಲ ಉಪ್ಪುಗಾಳಿಗೆ ಕಬ್ಬಿಣ ತುಕ್ಕು ಹಿಡಿದು ಕಾಂಕ್ರೀಟ್ ಬಿರಿದಿದೆಯೇ, ಸ್ನಾನಗೃಹದ ಕೆಳಗಿನ ಸ್ಲ್ಯಾಬ್ ಒದ್ದೆಯಾಗಿದೆಯೇ, ವಿದ್ಯುತ್ತಿನ ಅರ್ಥಿಂಗ್ ಸರಿಯಿದೆಯೇ, ಹಂಚಿನ ಮನೆಯಾದರೆ ಪಕ್ಕಾಸು ರೀಪುಗಳಿಗೆ ಗೆದ್ದಲು ಹಿಡಿದಿದೆಯೇ ಎಂಬುದನ್ನು ಬಲ್ಲವರು ನೋಡಬೇಕು. ಸಾಧ್ಯವಾದರೆ ಮಳೆ ಸುರಿಯುವಾಗಲೇ ಒಮ್ಮೆ ಹೋಗಿ ನೋಡಿ.

ಹೊಸ ಫ್ಲ್ಯಾಟಾದರೆ ಇನ್ನೊಂದು ಮಾತು: ರೇರಾ ಪ್ರಕಾರ ಕರಾರು ಪತ್ರ ನೋಂದಣಿಯಾಗುವ ಮೊದಲು ಬೆಲೆಯ 10 ಶೇಕಡಾಕ್ಕಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ಬಾಯಿಮಾತಿನ ಭರವಸೆಗಳೆಲ್ಲವೂ ಆ ಪತ್ರದಲ್ಲಿರಲಿ.

ನಮ್ಮ ಚರ್ಚುಗಳಲ್ಲಿ ಇಂಜಿನಿಯರರೂ ವಕೀಲರೂ ಇದ್ದಾರೆ. ವಾಳೆಯ ಸಭೆಯಲ್ಲಿ ಅವರಿಂದ ಒಂದು ಗಂಟೆ ಮಾಹಿತಿ ಕೊಡಿಸಲು ಗುರಿಕಾರರು ಮನಸ್ಸು ಮಾಡಬಾರದೇಕೆ? ಮರುಭೂಮಿಯ ಬಿಸಿಲಲ್ಲಿ ದುಡಿದ ಹಣ ಇಲ್ಲಿಯ ಮಳೆಗೆ ಕರಗದಿರಲಿ ಎಂಬುದೇ ನಮ್ಮ ಕಳಕಳಿ.